ಶಾಲೆ ಹಿಟ್ಟು

ಜಗಳ ಶುರುವಾದದ್ದು ಒಂದು ತಟ್ಟೆ ಹಿಟ್ಟಿನಿಂದ.

ಅದು ಬೇಕರಿಯವರ ಮನೆ. ಹಿಂದೆ ಒಲೆ, ನಡುವೆ ಅಡುಗೆಮನೆ ಮತ್ತು ಮಲಗುವ ಕೋಣೆಗಳು, ಬೀದಿಯ ಕಡೆಗೆ ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟಿನ ಅಂಗಡಿ. ಅಂಗಡಿಗೆ ಒಂದೇ ಗೋಡೆ ಹಂಚಿಕೊಂಡು ಮುಂದಿನ ಕೋಣೆ. ಆ ಕೋಣೆಯಲ್ಲಿ ಸೊಸೆ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ದೊಡ್ಡ ಶಾಲೆಯೊಂದರಲ್ಲಿ ಸಂಬಳದ ಕೆಲಸ ಇದ್ದವಳು ಅವಳು. ಮದುವೆಯ ಹೊತ್ತಿಗೆ ಗಂಡ "ಮುಂದಿನ ಕೋಣೆ ನಿನಗೇ, ಅಲ್ಲೇ ನಿನ್ನ ಶಾಲೆ ಮಾಡ್ಕೋ" ಅಂದಿದ್ದಕ್ಕೆ ಆ ಕೆಲಸ ಬಿಟ್ಟು ಬಂದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ ಕೋಣೆ.

ಅಲ್ಲಿ ಬೆಂಚಿಲ್ಲ, ಸ್ಲೇಟಿಲ್ಲ. ಅಕ್ಷರವನ್ನು ಮೊದಲು ಮುಟ್ಟಬೇಕು, ಆಮೇಲೆ ಬರೆಯಬೇಕು. ಉಪ್ಪುಕಾಗದದಲ್ಲಿ ಕತ್ತರಿಸಿ ರಟ್ಟಿಗೆ ಅಂಟಿಸಿದ ಅಕ್ಷರದ ಮೇಲೆ ಮಕ್ಕಳು ಬೆರಳೆಳೆಯುತ್ತಿದ್ದರು. ಒದ್ದೆ ಸ್ಪಂಜಿನಿಂದ ಗೋಡೆಯ ಮೇಲೆ ಇ ಬರೆದು, ಅದು ಒಣಗಿ ಮಾಯವಾಗುವುದರೊಳಗೆ ಅದರ ಹೆಸರು ಕೂಗುತ್ತಿದ್ದರು. ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಿ, ಮರದ ಅಕ್ಷರ ತಡವಿ, "ಉ! ಉ!" ಅಂತ ಕುಣಿಯುತ್ತಿದ್ದರು. "ಕಣ್ಣು ಮರೆಯುತ್ತೆ, ಬೆರಳು ಮರೆಯಲ್ಲ" ಅನ್ನುವುದು ಸೊಸೆಯ ಮಾತು. ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಹಿಟ್ಟಿನ ತಟ್ಟೆ. ತಟ್ಟೆಯ ತುಂಬ ಹಿಟ್ಟು ಹರಡಿ ಅದರಲ್ಲಿ ಬೆರಳಿಂದ ಬರೆಯುವುದು, ತಪ್ಪಾದರೆ ತಟ್ಟೆ ಅಲ್ಲಾಡಿಸುವುದು. ಅಳಿಸುವ ರಬ್ಬರೂ ಬೇಡ, ಬೈಗುಳವೂ ಬೇಡ. ಹಿಟ್ಟನ್ನು ಗಂಡ ಒಳಗಿಂದ ತಂದುಕೊಡುತ್ತಿದ್ದ.

ಮಾವನಿಗೆ ಇದು ಗೊತ್ತಿರಲಿಲ್ಲ. ಅವನು ಚಿಕ್ಕಂದಿನಲ್ಲಿ ಗಿರಣಿಯ ನೆಲ ಗುಡಿಸಿ, ಆ ಕಸದಲ್ಲಿನ ಹಿಟ್ಟು ಜರಡಿ ಹಿಡಿದು ತಿಂದು ಬೆಳೆದವನು. ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕುವ ಮನುಷ್ಯ. ಒಂದು ಬೆಳಗ್ಗೆ ಏನೋ ಕೇಳಲು ಮುಂದಿನ ಕೋಣೆಗೆ ಬಂದು ನಿಂತ. ಮೊಮ್ಮಗಳು, ಅವನೇ ಬಟಾಣಿ ಅಂತ ಹೆಸರಿಟ್ಟವಳು, ತಟ್ಟೆಯಿಂದ ತಲೆ ಎತ್ತಿ ನಕ್ಕಳು.

"ತಾತ, ನೋಡು, ಅ!"

ಅವನು ನೋಡಿದ್ದು ಅ ಅಲ್ಲ, ಹಿಟ್ಟು. ಎರಡು ಹೆಜ್ಜೆಗೆ ಬಂದು ಮಗುವಿನ ಬೆರಳ ಮೇಲೆ ಫಟ್ಟನೆ ಹೊಡೆದ. ಹಿಟ್ಟು ಹಾರಿ ಮಗುವಿನ ಕಣ್ಣು ಮೂಗೆಲ್ಲ ಬೆಳ್ಳಗಾಯಿತು.

"ತಿನ್ನೋ ಅನ್ನದ ಮೇಲೆ ಬೆರಳಾಡಿಸ್ತೀಯಾ? ಯಾರು ಹೇಳಿಕೊಟ್ಟಿದ್ದು ನಿಂಗೆ ಈ ದರಿದ್ರ ಬುದ್ಧಿ?"

ಬಟಾಣಿ ಅತ್ತಳು. ಅವಳು ಅತ್ತಿದ್ದು ನೋಡಿ ಉಳಿದ ಮಕ್ಕಳೂ ಅತ್ತವು. ಸೊಸೆ ಮಗಳನ್ನು ಎತ್ತಿಕೊಂಡು, "ನಾನು ಹೇಳಿಕೊಟ್ಟಿದ್ದು. ಹೊಡಿಯೋದಿದ್ರೆ ನನಗೆ ಹೊಡೀರಿ" ಅಂದಳು.

ಸಂಜೆ ಊಟದ ಮೇಜಿನಲ್ಲಿ ಅದು ಮತ್ತೆ ಹೊತ್ತಿಕೊಂಡಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆರಿದ ಸೂಪು. ಯಾರಿಗೂ ಯಾವುದರ ರುಚಿಯೂ ಹತ್ತಲಿಲ್ಲ.

"ಒಂದು ತಟ್ಟೆ ಹಿಟ್ಟಿಗೆ ಮಗು ಮೇಲೆ ಕೈ ಮಾಡ್ತಾರಾ?" ಅಂತ ಸೊಸೆ.

"ಒಂದು ತಟ್ಟೇನಾ? ಅಷ್ಟೂ ಮಕ್ಕಳ ಮುಂದೆ ಒಂದೊಂದು ತಟ್ಟೆ ಇತ್ತು. ದಿನಾ ಇತ್ತು. ನಾನು ಇಲ್ಲಿ ಬೆವರು ಸುರಿಸಿ ಸುಡ್ತೀನಿ, ನೀನು ಅಲ್ಲಿ ಮಣ್ಣಿನ ಹಾಗೆ ಆಡಿಸ್ತೀಯ. ಬರಿಯೋಕೆ ಪೆನ್ಸಿಲ್ ಇಲ್ವಾ?"

"ಈ ವಯಸ್ಸಿಗೆ ಪೆನ್ಸಿಲ್ ಹಿಡಿಯೋ ಶಕ್ತಿ ಬೆರಳಿಗೆ ಇರಲ್ಲ."

"ನಮ್ಮ ಕಾಲದಲ್ಲಿ ಇತ್ತು."

"ನಿಮ್ಮ ಕಾಲದಲ್ಲಿ ಎಲ್ಲಾ ಇತ್ತು, ಮಾವ. ಈಗಲೂ ಅದೇ ಕೋಲು ಹಿಡ್ಕೊಂಡಿದೀರಿ."

ಮಗ ಉಪ್ಪಿನ ಡಬ್ಬಿಯನ್ನು ಅಪ್ಪನ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ಸರಿಸಿದ. ಯಾರೂ ಉಪ್ಪು ಕೇಳಿರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಗಂಡಸಿಗೆ ಬೇರೇನು ಕೆಲಸ?

ಮಾವ ಚಮಚ ಕೆಳಗಿಟ್ಟ. "ಕೇಳಿಸ್ಕೊಳ್ಳಿ ಎಲ್ಲರೂ. ಈ ತಿಂಗಳು ಮುಗೀಲಿ. ಆ ಗೋಡೆ ಒಡೆಸ್ತೀನಿ. ಕೋಣೆ ಅಂಗಡಿಗೆ ಸೇರುತ್ತೆ. ಗಿರಾಕಿ ಹೊರಗೆ ಬಿಸಿಲಲ್ಲಿ ನಿಲ್ತಾರೆ, ಒಳಗೆ ಇವಳು ಹಿಟ್ಟು ಚೆಲ್ತಾಳೆ."

"ಆ ಕೋಣೆ ನನಗೆ ಅಂತ ಮಾತಾಗಿತ್ತು."

"ಯಾರ ಮಾತು? ನನ್ನ ಮಾತಾ?"

ಸೊಸೆ ಗಂಡನನ್ನು ನೋಡಿದಳು. ಗಂಡ ಮೊಟ್ಟೆಯ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ಬಿಡಿಸುತ್ತಿದ್ದ.

"ಸರಿ," ಅಂದಳು. "ಇವತ್ತಿಂದ ನಿಮ್ಮ ಹಿಟ್ಟಿನ ಒಂದು ಕಣ ನಾನು ಮುಟ್ಟಲ್ಲ. ನಿಮ್ಮ ಜೊತೆ ಮಾತೂ ಆಡಲ್ಲ."

"ಪುಣ್ಯ ಬಂತು," ಅಂದ ಮಾವ.

ಅಲ್ಲಿಂದ ಆ ಮನೆಯ ಮಾತುಕತೆಯೆಲ್ಲ ಅತ್ತೆಯ ಮೂಲಕ ನಡೆಯಿತು. ಅಂಗಡಿಯ ಕೌಂಟರು ಅತ್ತೆಯದು. ಅದರ ಜೊತೆಗೆ ಈ ಅಂಚೆ ಕೆಲಸವೂ ಬಂತು. ಎದುರೆದುರು ಕೂತಿದ್ದರೂ ಮಾವ "ನಿನ್ನ ಸೊಸೆಗೆ ಹೇಳು, ಚಪ್ಪಲಿ ದಾರಿಗೆ ಅಡ್ಡ ಬಿಡಬಾರದು ಅಂತ" ಅನ್ನುವನು. ಸೊಸೆ "ನಿಮ್ಮ ಯಜಮಾನ್ರಿಗೆ ಹೇಳಿ, ಅದು ಅವರ ಮಗನ ಚಪ್ಪಲಿ ಅಂತ" ಅನ್ನುವಳು. ಅತ್ತೆ ಒಂದು ವಾರ ತಡೆದಳು. ಆಮೇಲೆ ಒಂದು ಬೆಳಗ್ಗೆ ಪಾತ್ರೆ ತಿಕ್ಕುವ ಬ್ರಷ್ಷನ್ನು ತೊಟ್ಟಿಗೆ ಎಸೆದು, "ನಾನೇನು ಅಂಚೆಯವಳಾ? ಇನ್ನು ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಲ್ಲ. ಬಾಯಿ ದೇವರು ಇಬ್ಬರಿಗೂ ಕೊಟ್ಟಿದಾನೆ" ಅಂದಳು.

ಸರಿಯಾಗಿ ಅದೇ ಬೆಳಗ್ಗೆ ಸೊಸೆ ಹೇಳಲು ಬಂದದ್ದು ಒಂದು ಮುಖ್ಯ ಮಾತು.

"ಅತ್ತೆ, ಅವರಿಗೆ ಹೇಳಿ. ತಟ್ಟೆಲಿರೋದು ಹಿಟ್ಟಲ್ಲ, ಸೀಮೆಸುಣ್ಣದ ಪುಡಿ. ಆಮೇಲೆ ಕಣ್ಣು ಕೆಂಪು ಮಾಡ್ಕೊಂಡು ಬರೋದು ಬೇಡ."

"ನೀನೇ ಹೇಳ್ಕೋ."

"ನಾನು ಮಾತಾಡಲ್ಲ."

"ಹಾಗಾದ್ರೆ ನಾನೂ ಆಡಲ್ಲ."

ಹೀಗೆ ಮಾತು ಅಲ್ಲೇ ಬಿತ್ತು. ಇಷ್ಟು ಬಾಯಿಗಳಿದ್ದ ಮನೆಯಲ್ಲಿ ಆ ಒಂದು ಮಾತು ಆಡಲು ಒಂದು ಬಾಯಿ ಸಿಗಲಿಲ್ಲ.

ಪುಡಿ ಬರುತ್ತಿದ್ದದ್ದು ಹತ್ತಿರದ ಸೀಮೆಸುಣ್ಣದ ಶೆಡ್ಡಿನಿಂದ. ಅಲ್ಲಿ ಮುರಿದ ತುಂಡುಗಳನ್ನು ಚೀಲಗಟ್ಟಲೆ ಅಗ್ಗಕ್ಕೆ ಕೊಡುತ್ತಿದ್ದರು. ಸೊಸೆ ಅದನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ತಟ್ಟೆಗೆ ಹರಡುತ್ತಿದ್ದಳು. ನೋಡಲು ಥೇಟ್ ಹಿಟ್ಟೇ. ಮುಟ್ಟಿದರೆ ಮಾತ್ರ ಬೇರೆ: ಹಿಟ್ಟಿನಷ್ಟು ಮೆತ್ತಗಿಲ್ಲ, ಬೆರಳೆಳೆದರೆ ತಣ್ಣಗೆ ಕಿರುಗುಟ್ಟುತ್ತದೆ. ಬಟಾಣಿ ಮೊದಲ ದಿನವೇ ವ್ಯತ್ಯಾಸ ಕಂಡುಹಿಡಿದಳು. ಒಳಗಿನದು ಅಂಗಡಿ ಹಿಟ್ಟು, ಇದು ಶಾಲೆ ಹಿಟ್ಟು. ಅಂಗಡಿ ಹಿಟ್ಟು ಮುಟ್ಟಿದರೆ ತಾತ ಹೊಡೆಯುತ್ತಾನೆ. ಶಾಲೆ ಹಿಟ್ಟಿನಲ್ಲಿ ಬರೆಯಬಹುದು.

ಮಾವನಿಗೆ ಆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಒಲೆಯಿಂದ ಬಿಸಿ ಅಚ್ಚುಗಳನ್ನು ಬಟ್ಟೆ ಇಲ್ಲದೆ ಬರಿಗೈಯಲ್ಲಿ ಎತ್ತುವುದು ಅವನ ಜಂಬ. ಹಾಗೆ ಎತ್ತಿ ಎತ್ತಿ ಅಂಗೈ ಚಪ್ಪಲಿಯ ಅಟ್ಟೆಯಾಗಿತ್ತು. ಬಿಸಿಯೂ ತಾಗದು, ನಯವೂ ತಾಗದು. ಬಾಗಿಲಲ್ಲಿ ಹಾದುಹೋಗುವಾಗ ಬಿಳಿ ತಟ್ಟೆಗಳು ಕಂಡವು. ಮತ್ತೆ ಹಿಟ್ಟು! ಈ ಹೇಡಿ ಮಗ ಹಿಂಬಾಗಿಲಿಂದ ಹೆಂಡತಿಗೆ ಸಾಗಿಸುತ್ತಿದ್ದಾನೆ ಅಂತ ಅವನೇ ತೀರ್ಮಾನ ಮಾಡಿಕೊಂಡ. ಕೇಳೋಣವೆಂದರೆ ಮಾತಿಲ್ಲ. ಮಾತಾಡಿಸಿದವನು ಸೋತಂತೆ.

ಅವನು ಸೋಲಲಿಲ್ಲ. ಮಧ್ಯಾಹ್ನ ಮಕ್ಕಳು ಹೋಗಿ, ಸೊಸೆ ಬಟಾಣಿಗೆ ಊಟ ಮಾಡಿಸಲು ಒಳಗೆ ಹೋದಾಗ ತಟ್ಟೆಗಳನ್ನು ದೊಡ್ಡ ಪಾತ್ರೆಗೆ ಸುರಿದುಕೊಂಡು, ಮೇಲೆ ಟವೆಲ್ ಮುಚ್ಚಿ ಹಿಂದಕ್ಕೆ ಒಯ್ದ. ಜರಡಿ ಹಿಡಿದು ಅಂಗಡಿ ಹಿಟ್ಟಿನ ಮೂಟೆಗೆ ಸೇರಿಸಿದ. ಗಿರಣಿಯ ನೆಲದ ಹಿಟ್ಟು ತಿಂದವನಿಗೆ ಮಕ್ಕಳ ಬೆರಳು ತಾಗಿದ್ದು ದೊಡ್ಡ ಮಾತಲ್ಲ. ಒಲೆಯ ಬೆಂಕಿಗೆ ಎಲ್ಲ ಶುದ್ಧ ಅಂದುಕೊಂಡ. ದಿನಾ ಒಯ್ದ. ದಿನಾ ಗೆದ್ದೆ ಅಂದುಕೊಂಡ.

ತಟ್ಟೆ ಖಾಲಿಯಾದದ್ದು ನೋಡಿ ಸೊಸೆ, ಅತ್ತೆ ಸಿಟ್ಟಿಗೆ ಬಿಸಾಡುತ್ತಿದ್ದಾಳೆ ಅಂತ ತಿಳಿದಳು. ಬಿಸಾಡಲಿ ಅಂತ ಇನ್ನೂ ಹೆಚ್ಚು ಕುಟ್ಟಿದಳು.

ಮೊದಲು ಬಂದು ಕೂಗಾಡಿದವನು ಒಬ್ಬ ಲಾರಿ ಡ್ರೈವರ್.

"ಏನಮ್ಮಾ ಇದು, ಬ್ರೆಡ್ಡಾ ಇಟ್ಟಿಗೇನಾ? ಕಚ್ಚಿದ್ರೆ ಕಿರಕಿರ ಅನ್ನುತ್ತೆ. ಹಲ್ಲಿಗೆ ಹಾಕಿಸಿದ್ದ ಸಿಮೆಂಟೇ ಕಿತ್ತು ಬಂತು!"

"ನಿನ್ನ ಹಲ್ಲು ಹುಳುಕಾದ್ರೆ ನಮ್ಮ ಬ್ರೆಡ್ ಏನು ಮಾಡುತ್ತೆ?" ಅಂದಳು ಅತ್ತೆ. ಆದರೆ ಅವನು ಹೋದ ಮೇಲೆ ತಾನೇ ಒಂದು ತುಂಡು ಕಚ್ಚಿ ನೋಡಿ ಉಳಿದದ್ದನ್ನು ಕೆಳಗಿಟ್ಟಳು.

ಮರುದಿನ ಇಬ್ಬರು ಬಂದರು. ಆಮೇಲೆ ಬರುವುದು ಬಿಟ್ಟರು, ದೂರಲು ಸಹ. ದೂರುವ ಗಿರಾಕಿಯಾದರೂ ವಾಸಿ. ಸುಮ್ಮನೆ ಎದುರಿನ ಅಂಗಡಿಗೆ ಹೋಗುವವನಿಗೆ ಏನು ಹೇಳುವುದು?

ಹಿಂದಿನ ಕೋಣೆಯಲ್ಲಿ ಅಪ್ಪ ಮಗನ ನಡುವೆ ಹತ್ತಿಕೊಂಡಿತು.

"ಈಸ್ಟ್ ಹಳೇದು ಹಾಕಿದೀಯ."

"ಹೊಸದೇ ಹಾಕಿದ್ದು, ಅಪ್ಪ."

"ಮಿಶಿನ್ನಲ್ಲಿ ಕಲಸ್ತೀಯಲ್ಲ, ಅದಕ್ಕೇ. ಕೈಯಲ್ಲಿ ಕಲಸಿದ್ರೆ ಹಿಟ್ಟು ಮಾತಾಡುತ್ತೆ."

"ಹಾಗಾದ್ರೆ ನೀವೇ ಕಲಸಿ, ಅದೇನು ಮಾತಾಡುತ್ತೋ ಕೇಳಿ ಹೇಳಿ."

"ಹೆಂಡತಿ ಬಾಲ ಹಿಡ್ಕೊಂಡು ಓಡಾಡೋನಿಗೆ ಒಲೆ ಮೇಲೆ ಗಮನ ಎಲ್ಲಿರುತ್ತೆ?"

ಮಗ ಒಲೆಯ ಬಾಗಿಲನ್ನು ಕಾಲಿಂದ ಒದ್ದು ಹೊರಗೆ ಹೋದ. ಮಾವ ಗಿರಣಿಗೆ ಹೋಗಿ ಗಿರಣಿಯವನ ಜೊತೆ ಜಗಳ ತೆಗೆದ. "ಹಿಟ್ಟಿಗೆ ಕಲ್ಲು ಬೆರೆಸ್ತೀಯಾ?" ಅಂತ ಕೂಗಿದ. ಗಿರಣಿಯವನು "ಇಷ್ಟು ವರ್ಷ ಅನ್ನ ಕೊಟ್ಟವನಿಗೆ ಈ ಮಾತಾ? ಇನ್ನು ನನ್ನ ಹೊಸ್ತಿಲು ತುಳೀಬೇಡ" ಅಂದ. ಮನೆಗೆ ಬಂದವನು ಬೆವರು ಒರೆಸಿಕೊಂಡು, ಎಂದಿನಂತೆ ಪಾತ್ರೆ ಹಿಡಿದು ಮುಂದಿನ ಕೋಣೆಗೆ ಹೋದ.

ಅಂದು ಸೊಸೆ, ಯಾವುದೋ ಮಗು ಬಿಟ್ಟುಹೋಗಿದ್ದ ನೀರಿನ ಬಾಟಲಿ ತರಲು ತಿರುಗಿ ಬಂದಿದ್ದಳು. ಮಾವ ತಟ್ಟೆ ಸುರಿದುಕೊಳ್ಳುವುದು ಕಂಡಿತು. ಸದ್ದಿಲ್ಲದೆ ಹಿಂದೆ ಹೋದಳು. ಅವನು ಜರಡಿ ಹಿಡಿದು ಮೂಟೆಗೆ ಸುರಿದು ಮೇಲಿಂದ ಅಂಗೈಯಲ್ಲಿ ಸವರಿದ್ದನ್ನು ಬಾಗಿಲ ಸಂದಿಯಿಂದ ನೋಡಿದಳು. ಎಲ್ಲವೂ ತಿಳಿಯಿತು.

ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ಅವಳು ಹೇಳಲಿಲ್ಲ. ಗಿರಾಕಿಗಳೇ ಇಲ್ಲದ ಅಂಗಡಿಗೆ ಗೋಡೆ ಯಾರು ಒಡೆಯುತ್ತಾರೆ? ತಿಂಗಳ ಕೊನೆ ಹತ್ತಿರ ಬಂದಿತ್ತು. ಇನ್ನೂ ಸ್ವಲ್ಪ ದಿನ ಹೀಗೇ ನಡೆದರೆ ಕೋಣೆ ತನ್ನದಾಗಿಯೇ ಉಳಿಯುತ್ತದೆ ಅಂತ ಅವಳಿಗನ್ನಿಸಿತು. ಮಾರನೇ ದಿನ ಮತ್ತೆ ಪುಡಿ ಕುಟ್ಟಿ, ಸೋಸಿ, ತಟ್ಟೆ ತುಂಬಿಟ್ಟಳು. ಹೊಡೆದದ್ದು ಮಾವನ ತಪ್ಪು. ಇದು ಮಾತ್ರ ಅವಳದು, ಪೂರ್ತಿ ಅವಳದು.

ಅಂದಿನಿಂದ ತನ್ನ ತಟ್ಟೆಗೆ, ಮಗಳ ತಟ್ಟೆಗೆ ಬ್ರೆಡ್ ಹಾಕಿಕೊಳ್ಳುವುದು ಬಿಟ್ಟಳು. ಆಲೂಗಡ್ಡೆ ಬೇಯಿಸಿಕೊಂಡಳು.

"ಏನು, ಬ್ರೆಡ್ ಸೇರಲ್ವಾ ಈಗ?" ಅತ್ತೆ ಕೇಳಿದಳು.

"ಹೊಟ್ಟೆ ಸರಿ ಇಲ್ಲ."

"ಇಬ್ಬರಿಗೂ ಒಟ್ಟಿಗೇ?"

ಸೊಸೆ ಗಂಡನ ತಟ್ಟೆಗೆ ಎರಡು ಹೋಳು ಬ್ರೆಡ್ ಹಾಕಿದಳು.

ಕೊನೆಗೆ ಒಂದು ಭಾನುವಾರ ಮಾವ ಪಂಥ ಕಟ್ಟಿದ. ಹೊಸ ಮೂಟೆಗೆ ಗಿರಣಿಯವನು ಬಾಗಿಲು ಮುಚ್ಚಿದ್ದ. ಇದ್ದ ಮೂಟೆಯನ್ನೇ ಅಡುಗೆಮನೆಗೆ ಎಳೆದು ತಂದ.

"ಎಲ್ಲರೂ ಇಲ್ಲೇ ಕೂತ್ಕೊಳ್ಳಿ. ಇವತ್ತು ನಾನು ಕೈಯಲ್ಲಿ ಕಲಸ್ತೀನಿ. ನಿಮ್ಮ ಮುಂದೇನೇ ಸುಡ್ತೀನಿ. ಚೆನ್ನಾಗಿ ಬಂದ್ರೆ ಇಷ್ಟು ದಿನ ಹಾಳು ಮಾಡಿದ್ದು ಇವನೇ ಅಂತ." ಮಗನ ಕಡೆ ಬೆರಳು ತೋರಿಸಿದ. "ನಾಳೇನೇ ಗೋಡೆ ಒಡೆಯೋರಿಗೆ ಹೇಳಿ ಕಳಿಸ್ತೀನಿ. ಅಂಗಡಿ ನಾನೇ ನಿಂತು ನಡೆಸ್ತೀನಿ."

ಮೂಟೆಯ ಬಾಯಿ ಬಿಚ್ಚಿದ. ಪಕ್ಕದಲ್ಲೇ ನಿಂತಿದ್ದ ಬಟಾಣಿ ಒಳಗೆ ಕೈ ಹಾಕಿದಳು. ಬೆರಳುಗಳ ನಡುವೆ ಉಜ್ಜಿದಳು. ಮುಖ ಅರಳಿತು.

"ತಾತ, ಇದು ಶಾಲೆ ಹಿಟ್ಟು!"

"ಯಾವ ಶಾಲೆ? ಇದು ನಮ್ಮ ಅಂಗಡಿ ಹಿಟ್ಟು. ಕೈ ತೆಗಿ."

"ಅಲ್ಲ. ಇದು ಕಿರ್ ಅನ್ನುತ್ತೆ. ಅಂಗಡಿ ಹಿಟ್ಟು ಅನ್ನಲ್ಲ. ಅಮ್ಮ ಕುಟ್ತಾಳಲ್ಲ, ಅದು ಇದು."

ಮಗ ಎದ್ದು ಬಂದು ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ಥೂ ಅಂತ ಉಗಿದ. "ಸುಣ್ಣ ಇದು! ಅಪ್ಪ, ಇದು ಸೀಮೆಸುಣ್ಣ!"

ಮಾವ ಎರಡೂ ಕೈಯಲ್ಲಿ ಹಿಟ್ಟು ಎತ್ತಿ ಉಜ್ಜಿದ. ಮತ್ತೆ ಉಜ್ಜಿದ. ಅವನ ಅಂಗೈಗೆ ಏನೂ ತಿಳಿಯಲಿಲ್ಲ. ಕೊನೆಗೆ ನಾಲಿಗೆ ಚಾಚಿ ನೆಕ್ಕಿದ. ಆಗ ಗೊತ್ತಾಯಿತು. ಮೂಟೆಗೆ ಅದನ್ನು ದಿನಾ ಸುರಿದ ಕೈ ಯಾವುದು ಅನ್ನುವುದೂ ಗೊತ್ತಾಯಿತು. ತಲೆ ಎತ್ತಿ ಸೊಸೆಯನ್ನು ನೋಡಿದ. ಇಷ್ಟು ವಾರಗಳ ನಂತರ ನೇರವಾಗಿ ಅವಳಿಗೇ ಕೇಳಿದ.

"ನಾನು ತಗೊಂಡು ಹೋಗ್ತಿದ್ದದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

"ನೀವು ಕೇಳಲಿಲ್ಲ. ಕದ್ದು ಒಯ್ಯೋರಿಗೆ ನಾನ್ಯಾಕೆ ಹೇಳ್ಲಿ?"

"ನನ್ನ ಮನೇಲಿ ನಾನು ಕಳ್ಳನಾ? ಹಿಟ್ಟು ಹಾಳಾಗಬಾರದು ಅಂತ..."

"ಅದು ನಿಮ್ಮ ಹಿಟ್ಟಲ್ಲ! ನಿಮ್ಮ ಹಿಟ್ಟು ಮುಟ್ಟಲ್ಲ ಅಂದಿದ್ದೆ, ಮುಟ್ಟಲಿಲ್ಲ. ಆಡಿದ ಮಾತು ನಾನು ಉಳಿಸ್ಕೊಂಡೆ. ಮಗು ಕೈಗೆ ಹೊಡೆದೋರು ನೀವು."

ಅತ್ತೆ ನಡುವೆ ಬಾಯಿ ಹಾಕಿದಳು. "ಅದಕ್ಕೇ ಆಲೂಗಡ್ಡೆ. ಹೊಟ್ಟೆ ಸರಿ ಇಲ್ಲ ಅಂದ್ಯಲ್ಲ!"

ಮಗ ಹೆಂಡತಿಯ ಕಡೆ ತಿರುಗಿದ. ಅವನು ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು.

"ನೀನು ತಿನ್ನಲಿಲ್ಲ. ಮಗುಗೆ ಕೊಡಲಿಲ್ಲ. ನನ್ನ ತಟ್ಟೆಗೆ ಹಾಕ್ತಾನೇ ಇದ್ಯಲ್ಲೇ?"

ಅಷ್ಟು ಹೊತ್ತು ಎಲ್ಲದಕ್ಕೂ ಉತ್ತರ ಕೊಟ್ಟವಳು ಆಗ ಕುದಿಯುತ್ತಿದ್ದ ನೀರಿನ ಪಾತ್ರೆ ಇಳಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

"ನಿನ್ನ ಶಾಲೆ ಮಕ್ಕಳೂ ತಿಂಡಿ ಡಬ್ಬಿಗೆ ನಮ್ಮ ಬನ್ನೇ ತರ್ತಿದ್ರು," ಅಂದ ಮಗ. "ಅವರೂ ನಿನಗೆ ಕಾಣಲಿಲ್ವಾ?"

ಮನೆಯೊಳಗಿನ ಮಾತು ಮನೆಯೊಳಗೇ ಉಳಿಯಬಹುದಿತ್ತು. ಆದರೆ ಸೋಮವಾರ ಆ ಲಾರಿ ಡ್ರೈವರ್ ಹೊಸದಾಗಿ ಸಿಮೆಂಟು ಹಾಕಿಸಿದ ಹಲ್ಲು ತೋರಿಸಿ ಅಣಕಿಸಲು ಬಂದಾಗ ಅತ್ತೆಯ ತಾಳ್ಮೆ ಕೆಟ್ಟಿತು. "ನಮ್ಮ ಬ್ರೆಡ್ ಚೆನ್ನಾಗೇ ಇತ್ತಪ್ಪ. ನಮ್ಮ ಮನೆ ಟೀಚರಮ್ಮನ ಸುಣ್ಣ ಸೇರಿ ಹಾಗಾಯ್ತು" ಅಂದುಬಿಟ್ಟಳು. ಗಂಡನ ಮಾನ ಉಳಿಸಲು ಆಡಿದ ಮಾತು ಮಧ್ಯಾಹ್ನದೊಳಗೆ ಬೀದಿ ತುಂಬಿತು. ಬ್ರೆಡ್ ಕೊಳ್ಳುವವರೂ ಮಕ್ಕಳನ್ನು ಶಾಲೆಗೆ ಕಳಿಸುವವರೂ ಒಂದೇ ಜನ.

"ನಮ್ಮ ಮಗುಗೆ ಸುಣ್ಣ ತಿನ್ನಿಸಿದ್ರಾ?" ಅಂತ ಒಬ್ಬ ತಾಯಿ ಬಾಗಿಲಲ್ಲಿ ಕಿರುಚಿ ಮಗುವಿನ ಚೀಲ ಎತ್ತಿಕೊಂಡು ಹೋದಳು. ಅವಳ ಹಿಂದೆ ಇನ್ನೊಬ್ಬಳು. ಒಬ್ಬಳು ಬಾಯಿಬಿಡದೆ ಬಂದು ಮಗುವಿನ ಚಪ್ಪಲಿ ಮಾತ್ರ ಎತ್ತಿಕೊಂಡು ಹೋದಳು. ವಾರ ಮುಗಿಯುವುದರೊಳಗೆ ಮುಂದಿನ ಕೋಣೆಯಲ್ಲಿ ಉಪ್ಪುಕಾಗದದ ಅಕ್ಷರಗಳು ಗೋಡೆಗೆ ಒರಗಿ ನಿಂತಿದ್ದವು, ಮುಟ್ಟಲು ಬಟಾಣಿಯ ಹೊರತು ಯಾರೂ ಇರಲಿಲ್ಲ.

ಮಗ ಗಿರಣಿಯವನ ಕೈಕಾಲು ಹಿಡಿದು ಹೊಸ ಹಿಟ್ಟು ತಂದ. ಬ್ರೆಡ್ ಮೊದಲಿನಂತೆ ಉಬ್ಬಿತು, ಕೊಳ್ಳುವವರು ಮಾತ್ರ ಮೊದಲಿನಂತೆ ಬರಲಿಲ್ಲ. ತಿಂಗಳು ಮುಗಿಯಿತು. ಗೋಡೆಯ ಮಾತು ಯಾರೂ ಎತ್ತಲಿಲ್ಲ.

"ಕೋಣೆ ನಿನಗೇ ಉಳೀತಲ್ಲ," ಅಂದ ಮಗ ಹೆಂಡತಿಗೆ, ಚಾಪೆ ಮಡಚುತ್ತ. "ಇಟ್ಕೋ."

ಅವನು ಈಗ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಮಾವ ಹಿಂದಿನಿಂದ ಒಂದು ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದ. ತಟ್ಟೆಯ ತುಂಬ ಹೊಸ ಹಿಟ್ಟು. ನೆಲದ ಮೇಲೆ ಕಷ್ಟಪಟ್ಟು ಕೂತು, ಅಂಗೈಯಿಂದ ಹಿಟ್ಟನ್ನು ಸಮನಾಗಿ ಸವರಿದ.

"ಬಟಾಣಿ, ಬಾ ಇಲ್ಲಿ. ತಾತಂಗೆ ಅ ಬರೆದು ತೋರ್ಸು."

ಬಟಾಣಿ ಬಂದು ಎದುರು ಕುಕ್ಕರುಗಾಲಲ್ಲಿ ಕೂತಳು. ಒಂದು ಬೆರಳು ಹಿಟ್ಟಿಗೆ ತಾಗಿಸಿ, ತಕ್ಷಣ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇದು ಅಂಗಡಿ ಹಿಟ್ಟು."

"ಹೂಂ. ಪರವಾಗಿಲ್ಲ, ಬರಿ."

"ತಾತ ಹೊಡೀತಾನೆ."

"ಯಾವ ತಾತ?"

"ನೀನೇ."

"ಹೊಡಿಯಲ್ಲ ಕಂದ. ನಾನೇ ತಂದಿದೀನಲ್ಲ."

"ಹೊಡೀತೀಯ."

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮಾವ ಅವಳ ಕಡೆ ನೋಡಿದ. "ಬರಿ ಪುಟ್ಟಿ" ಅನ್ನುವ ಒಂದು ಮಾತು ಅವಳಿಂದ ಬರಬಹುದೇನೋ ಅಂತ ಕಾದ. ಅವಳು ಸುಮ್ಮನೆ ನಿಂತಳು. ಈ ಸಲ ಅವಳಿಗೆ ಲಾಭವೇನೂ ಇರಲಿಲ್ಲ. ಆದರೂ ಸುಮ್ಮನೆ ನಿಂತಳು.

"ಬರಿ ಅಂದ್ರೆ ಬರೀಬೇಕು!" ಮಾವನ ದನಿ ಅವನಿಗೇ ತಿಳಿಯದೆ ಏರಿತು.

ಬಟಾಣಿ ಎದ್ದು ಓಡಿ ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಸೊಸೆ ಅವಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಂಗಡಿಯ ಕಡೆಯಿಂದ ಮಗ ಇಣುಕಿದ. "ಅಪ್ಪ, ಆ ಹಿಟ್ಟು ತಂದು ಮೂಟೆಗೆ ಹಾಕಿ. ಹಾಳಾಗುತ್ತೆ."

ಮಾವ ತಟ್ಟೆ ಎತ್ತಿಕೊಂಡು ಎದ್ದ. ಒಳಗೆ ಹೋಗಲಿಲ್ಲ. ಬೀದಿಗಿಳಿದು ಮೋರಿಯ ಬಳಿ ನಿಂತು ತಟ್ಟೆ ಬೋರಲು ಹಾಕಿದ. ಕಪ್ಪು ನೀರು ಒಂದು ಗಳಿಗೆ ಬೆಳ್ಳಗೆ ಹರಿಯಿತು. ಕೌಂಟರಿನಿಂದ ಅತ್ತೆ ಎದೆಗೆ ಕೈಯಿಟ್ಟುಕೊಂಡು ಕೂಗಿದಳು.

"ಅಯ್ಯೋ, ಏನ್ರೀ ಮಾಡ್ತಿದೀರಿ? ಅದು ಒಳ್ಳೇ ಹಿಟ್ಟು!"

"ಗೊತ್ತು," ಅಂದು ಮಾವ ಖಾಲಿ ತಟ್ಟೆಯನ್ನು ಮೋರಿಯ ಅಂಚಿಗೆ ಕುಟ್ಟಿದ.